ಚೆಕ್ಕುಬಂದಿ

ಪೂರ್ವಕ್ಕೆ: ತೋಟಿ ಎರ್ರಪ್ಪನ ಇನಾಮು ಜಮೀನು.
ಪಶ್ಚಿಮಕ್ಕೆ: ಕಾಚಮಾರನ ಕುಂಟೆಯ ಏರಿ, ಮೂರು ಜಾಲಿಮರ.
ಉತ್ತರಕ್ಕೆ: ಗಾಡಿ ಜಾಡು.
ದಕ್ಷಿಣಕ್ಕೆ: ಹೊರೆಕಲ್ಲು.

ಮೂವತ್ತೆಂಟನೇ ಇಸವಿಯ ಕ್ರಯಪತ್ರ.
ಮಡಿಕೆಯಲ್ಲಿ ಸೀಳಿ, ಮಹಾರಾಜರ ಮುದ್ರೆ
ಅರ್ಧ ಈ ಚೂರಲ್ಲಿ, ಅರ್ಧ ಆ ಚೂರಲ್ಲಿ.
ರಾಗಿಹಿಟ್ಟಿನ ಪ್ಲಾಸ್ಟಿಕ್ ಕವರಿನಿಂದ ತೆಗೆದು
ನನ್ನ ಮೇಜಿನ ಮೇಲಿಟ್ಟಳು ಮುನಿಪಿಳ್ಳಮ್ಮ:
‘ಇದ್ರಾಗೈತೆ ನಮ್ದು. ಎಲ್ಲೈತೆ ಅಂತ ನೀನೇ ಹೇಳು.’

ನಾನು ಹೊಸಕೋಟೆ ಕಚೇರಿಯ ಎದುರು, ಹೊಂಗೆಯ ಕೆಳಗೆ
ಮೂವತ್ತಾರು ವರ್ಷ ಪತ್ರ ಬರೆದವನು.
ನನ್ನ ಕೈಬರಹದಲ್ಲಿ ಎಷ್ಟೋ ಊರು ಕೈ ಬದಲಾಯಿಸಿವೆ.

ಹೋದೆವು.
ಎರ್ರಪ್ಪನ ಇನಾಮಿನಲ್ಲಿ ಟೈಲ್ಸ್ ಅಂಗಡಿ.
ಕುಂಟೆಯಲ್ಲಿ ಗೋಡೌನು; ದೊಡ್ಡ ಮಳೆಯ ರಾತ್ರಿ
ರಟ್ಟಿನ ಪೆಟ್ಟಿಗೆಗಳು ಬಾತುಕೋಳಿಯ ಹಾಗೆ ತೇಲುತ್ತವಂತೆ,
ಕಾವಲಿನವನು ಹೇಳಿದ, ಒಡಿಶಾದವನು.
ಜಾಲಿಮರ ಕೇಳಲಿಲ್ಲ ನಾವು.

ಸರ್ವೆಯವನು ಮೂರು ಕಾಲಿನ ಯಂತ್ರ ನಿಲ್ಲಿಸಿ
ಆಕಾಶವನ್ನು ವಿಚಾರಿಸಿದ.
ಆಕಾಶಕ್ಕೆ ಎಲ್ಲ ಗೊತ್ತಿತ್ತು, ಹೊರೆಕಲ್ಲೊಂದು ಬಿಟ್ಟು.
‘ಏನಮ್ಮಾ ಅದು, ದೇವರ ಕಲ್ಲಾ?’

ಬಸ್ಸೊಂದು ಬಂತು. ‘ಹೊರಕಲ್, ಹೊರಕಲ್, ಯಾರಿದ್ದೀರಾ’ ಎಂದು
ಕಂಡಕ್ಟರ್ ಬಾಗಿಲು ಬಡಿದ.
ಇಬ್ಬರು ಇಳಿದು, ಫೋನು ನೋಡುತ್ತ
ಆ ಹೆಸರಿನ ಮೇಲೆಯೇ ನಡೆದು ಹೋದರು.

ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡ ಚಪ್ಪಡಿ, ಅಷ್ಟೆ.
ಸೌದೆಯೋ ಸೊಪ್ಪೋ ತಲೆಮೇಲೆ ಹೊತ್ತು ಒಂಟಿಯಾಗಿ ಬಂದವರು
ಯಾರ ಹಂಗೂ ಇಲ್ಲದೆ ಇಳಿಸಿ, ಉಸಿರು ಬಿಟ್ಟು,
ಯಾರ ಹಂಗೂ ಇಲ್ಲದೆ ಮತ್ತೆ ಹೊತ್ತು ಹೋಗುವುದಕ್ಕೆ.
ನಿಲ್ಲಿಸಿದ್ದು ಅಕ್ಕಯಮ್ಮನ ಹೆಸರಲ್ಲಿ.
‘ಬಸುರೀಲಿ ಸತ್ಲು ಕಣಪ್ಪ, ಹೊಟ್ಟೇದು ಇಳೀಲಿಲ್ಲ.
ದಾರಿಲಿ ಹೋಗೋರ್ದು ಇಳೀತಿದ್ರೆ
ಅವಳ್ದೂ ಒಸಿ ಒಸಿ ಇಳಿದಾತು ಅಂತ.’

ಇಷ್ಟು ಹೇಳಿ ಮುನಿಪಿಳ್ಳಮ್ಮ ನಡೆದಳು.
ಮೇಲ್ಸೇತುವೆಯ ನೆರಳು ದಾಟಿ, ಎಳನೀರಿನ ಬುರುಡೆ ರಾಶಿ ದಾಟಿ,
ಒಮ್ಮೆ ಎಡಕ್ಕೆ ಹೋಗಿ, ಸರಿಯಿಲ್ಲ ಎಂದು ಹಿಂದೆ ಬಂದು,
ಕಣ್ಣು ಮುಚ್ಚಿ, ಕತ್ತು ಏನೋ ಹೇಳಿದ ಹಾಗೆ ನಿಂತಳು
ಕಂಬದ ಪಕ್ಕ.
ಎರಡೂ ಕೈ ಮೇಲೆತ್ತಿ, ಇಲ್ಲದ ಹೊರೆಯನ್ನು
ಇಲ್ಲದ ಚಪ್ಪಡಿಗೆ ತಳ್ಳಿದಳು.
ಒಂಬತ್ತು ವರ್ಷದವಳಾಗಿದ್ದಾಗ ಎಟುಕುತ್ತಿರಲಿಲ್ಲವಂತೆ,
ತುದಿಗಾಲಲ್ಲಿ ನಿಲ್ಲಬೇಕಿತ್ತು.
ಮದುವೆಯ ವರ್ಷ ಎತ್ತರ ಸರಿಹೋಯಿತು.
ಈಗ ಮತ್ತೆ ತುದಿಗಾಲು.

ಸರ್ವೆಯವನು ಗಡಿಯಾರ ನೋಡಿಕೊಂಡ.
ನಾನು ನೆಲ ನೋಡಿದೆ.

ಏಕೆಂದರೆ ತೊಂಬತ್ತನಾಲ್ಕರಲ್ಲಿ
ತೆಂಕಲ ಪಕ್ಕದ ಹೊಲ ಲೇಔಟಿಗೆ ಹೋದಾಗ
ಪತ್ರ ಬರೆದವನು ನಾನೇ.
‘ಉತ್ತರಕ್ಕೆ: ಹೊರೆಕಲ್ಲು’ ಎಂದಿತ್ತು ಮೂಲದಲ್ಲಿ.
ಛಾಪಾ ಕಾಗದದ ಕೊನೆಯ ಸಾಲು. ಕಕ್ಷಿದಾರನಿಗೆ ಬಸ್ಸಿನ ಆತುರ,
ನನಗೆ ಊಟದ ಹೊತ್ತು.
‘ರಸ್ತೆ’ ಎಂದು ಬರೆದೆ.
ನಾಲ್ಕಕ್ಷರದ ಜಾಗದಲ್ಲಿ ಎರಡು.
ಮರುವಾರ ಜೆಸಿಬಿ ಬಂತು. ಕಾಗದದಲ್ಲೇ ಇಲ್ಲದ ಕಲ್ಲಿಗೆ
ತಕರಾರು ಯಾರದು?
ಅವತ್ತು ಏನು ಉಂಡೆನೋ, ನೆನಪಿಲ್ಲ.

ಅವಳಿಗೆ ಇದನ್ನು ಹೇಳಿದೆನೆ? ಇಲ್ಲ.
ಚೀಲದಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯಿತ್ತು.
ಬೆನ್ನಿಗೆ, ದುಂಡಗೆ, ಆತುರವಿಲ್ಲದೆ ಬರೆದೆ:
ದಕ್ಷಿಣಕ್ಕೆ: ಮುನಿಪಿಳ್ಳಮ್ಮ ಕೈ ಎತ್ತಿ ನಿಂತ ಜಾಗ.

‘ಇದು ನಡೆಯಲ್ಲ ಸ್ವಾಮಿ’ ಎಂದ ಸರ್ವೆಯವನು.
ನಡೆಯಲ್ಲ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವಳು ಓದಿಸಿಕೊಂಡಳು, ಎರಡು ಸಲ.
ಕೇಳದಿದ್ದರೂ ಹೆಬ್ಬೆಟ್ಟು ಚಾಚಿದಳು.
ಶಾಯಿಡಬ್ಬಿ ತೆರೆದೆ. ಒತ್ತಿದಳು.
ಒರೆಸಿಕೊಳ್ಳಲು ಬಟ್ಟೆ ಹುಡುಕಿ, ಸಿಗದೆ,
ಕಂಬಕ್ಕೇ ಒರೆಸಿದಳು.